ಹನ್ನೊಂದು ಸೆಕೆಂಡಿನ ನಡುಕ

ಮಾರ್ಚ್ ೩, ಸೋಮವಾರ

ಇನ್ನು ಹತ್ತೊಂಬತ್ತು ದಿನ. ಐವತ್ತು ನಿಮಿಷದ ನಾಟಕ, ಒಬ್ಬಳೇ ನಟಿ, ಒಂದೇ ಜಾಗ: ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟು. ಮಾತೆಲ್ಲ ಅವಳದು, ಉಳಿದದ್ದೆಲ್ಲ ಸದ್ದು. ಆ ಸದ್ದು ನನ್ನ ಪಾಲಿಗೆ ಬಂದಿದೆ. ನಿರ್ದೇಶಕರು ನಿನ್ನೆ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು, ತಾತ್ಪರ್ಯ ಇಷ್ಟೇ: "ಲಿಫ್ಟು ಉಸಿರಾಡ್ಬೇಕು ಮೇಡಂ." ತಂಡದವರು ಅವರನ್ನು ಮೌನಿ ಎಂದು ಯಾಕೆ ಕರೆಯುತ್ತಾರೆಂದು ಈಗ ಅರ್ಥವಾಯಿತು.

ಇವತ್ತು ಅವರೇ ಅಕ್ಕನ ರಿಪೇರಿ ಅಂಗಡಿಗೆ ಬಂದರು. ಹಿಂದಿನ ಕೋಣೆಯ ಗೋಡೆಯುದ್ದಕ್ಕೂ ಕರೆಂಟಿನಿಂದ ಸದ್ದು ಹುಟ್ಟಿಸುವ ನಮ್ಮ ಸಿಂತಸೈಸರ್ ಇದೆ. ಆರು ವರ್ಷದಿಂದ ಅಕ್ಕ ಒಂದೊಂದೇ ಪೆಟ್ಟಿಗೆ ಕಟ್ಟುತ್ತ ಬಂದಿದ್ದಾಳೆ, ನಾನು ನುಡಿಸುತ್ತ ಬಂದಿದ್ದೇನೆ. ಪಿಯಾನೋದಂಥ ಕಪ್ಪುಬಿಳುಪು ಮನೆಗಳಿಲ್ಲ, ಬರೀ ಗುಂಡಿಗಳು, ಕಿಂಡಿಗಳು, ಒಂದು ಕಿಂಡಿಯಿಂದ ಇನ್ನೊಂದಕ್ಕೆ ಚುಚ್ಚುವ ಬಣ್ಣದ ತಂತಿಗಳು. ಭಾವ ಇದನ್ನು ಟೆಲಿಫೋನ್ ಎಕ್ಸ್‌ಚೇಂಜ್ ಅನ್ನುತ್ತಾರೆ. ಮೌನಿ ಕಣ್ಣರಳಿಸಿ ನಿಂತದ್ದನ್ನು ಕಂಡು ಅಕ್ಕನಿಗೆ ಹುರುಪು ಬಂತು.

"ಇದು ಸೊಸೆ. ನಮಗೆ ಕೇಳಿಸೋ ಕೂಗೆಲ್ಲ ಇದರದ್ದೇ."

"ಪಕ್ಕದ್ದು?"

"ಅತ್ತೆ. ಕಿವಿ ಇಟ್ಟು ಕೇಳಿದ್ರೂ ಇದರಿಂದ ಒಂದು ಸದ್ದು ಬರಲ್ಲ. ಬರೀ ಏರಿಳಿಯೋ ಅಲೆ. ಆದ್ರೆ ಇಲ್ಲಿಂದ ಒಂದು ತಂತಿ ಸೊಸೆಗೆ ಚುಚ್ಚಿ ನೋಡಿ. ಸೊಸೆ ಯಾವಾಗ ದನಿ ಏರಿಸ್ಬೇಕು, ಯಾವಾಗ ತಗ್ಗಿಸ್ಬೇಕು, ಎಲ್ಲ ಇವಳದ್ದೇ ಕಾರುಬಾರು."

"ಈ ಮಿಣಮಿಣ ಅನ್ನೋದು?"

"ಮೈದುನ. ಯಾವ ಗಳಿಗೇಲಿ ಏನು ಮಾಡ್ತಾನೋ ಅವನಿಗೇ ಗೊತ್ತಿಲ್ಲ. ಇವನು ಕಿಸಬಾಯಿ. ಕೈ ಆಡಿಸಿ ಒಂದ್ಸಲ ತೋರಿಸಿದ್ರೆ ಅದನ್ನೇ ಮತ್ತೆ ಮತ್ತೆ ಹೇಳ್ತಾ ಕೂರ್ತಾನೆ. ಹೇಳಿದ್ದನ್ನೇ ಹೇಳೋ ಕಿಸಬಾಯಿದಾಸ. ಕರೆಂಟ್ ತೆಗೆದ್ರೂ ಮರೆಯಲ್ಲ, ಒಳಗೆ ಸಣ್ಣ ಬ್ಯಾಟರಿ ಇದೆ."

"ಪೂರ್ತಿ ಕೂಡು ಕುಟುಂಬ!"

"ಮತ್ತೆ? ಜಗಳ ಇಲ್ದಿದ್ರೆ ಸಂಗೀತ ಎಲ್ಲಿಂದ ಬರುತ್ತೆ?"

ಚಹಾ ನಾನೇ ಮಾಡಿದೆ. ಮೌನಿಗೆ ತುಂಬಿದ ಲೋಟ, ಅಕ್ಕನಿಗೆ ಅರ್ಧ. ಎರಡು ತಿಂಗಳಿಂದ ಹಾಗೆಯೇ ಮಾಡುತ್ತಿದ್ದೇನೆ. ಅವಳ ಬಲಗೈ ನಡುಗುವುದು ನನಗೆ ಗೊತ್ತಿಲ್ಲ ಎಂದು ಅವಳು ತಿಳಿದಿದ್ದಾಳೆ. ತಿಳಿದುಕೊಂಡಿರಲಿ. ಅರ್ಧ ಲೋಟ ಚೆಲ್ಲುವುದಿಲ್ಲ, ಅಷ್ಟು ಸಾಕು.

ಈ ಹೊಸ ಪೆನ್ನು ಸರಿಯಿಲ್ಲ. ಅಕ್ಷರ ಕಾಗೆ ಕಾಲಿನ ಹಾಗೆ ಬರುತ್ತಿದೆ.

ಜೋಡಣೆ: ಅತ್ತೆಯಿಂದ ಸೊಸೆಯ ಎರಡನೇ ಕಿಂಡಿಗೆ, ಹಳದಿ ತಂತಿ. ಅತ್ತೆಯ ವೇಗ: ಒಂದು ಅಲೆಗೆ ಎಂಟು ಸೆಕೆಂಡು. ಗುಂಡಿ ೩: ಗಡಿಯಾರದ ಎರಡು ಗಂಟೆಯ ಕಡೆಗೆ. ಗುಂಡಿ ೫: ಹನ್ನೊಂದು ಗಂಟೆ. ಗುಂಡಿ ೬: ಪೂರ್ತಿ ಮುಚ್ಚಿದೆ.

ಮಾರ್ಚ್ ೫, ಬುಧವಾರ

ಮೊದಲ ತಾಲೀಮು. ಊರಾಚೆ ಒಂದು ಹಳೆಯ ಬಟ್ಟೆ ಉಗ್ರಾಣವೇ ರಂಗಮಂದಿರ. ತಾಲೀಮಿಗೆ ಬೇಕಾದ ಪೆಟ್ಟಿಗೆಗಳನ್ನು ಗೋಡೆಯಿಂದ ಕಳಚಿ ಆಟೋದಲ್ಲಿ ತಂದು, ಮುಗಿದ ಮೇಲೆ ಅಂಗಡಿಗೆ ಒಯ್ಯುವುದು ನನ್ನ ಕೆಲಸ. ನಟಿ ನೆಲದ ಮೇಲೆ ಬಳಿದ ನಾಲ್ಕು ಬಿಳಿ ಗೆರೆಗಳೊಳಗೆ ನಿಂತು ಬಾಗಿಲಿಲ್ಲದ ಬಾಗಿಲನ್ನು ಬಡಿದಳು. ನೋಡುತ್ತಿದ್ದ ನನಗೇ ಗಾಳಿ ಸಾಲದಾಯಿತು. ನನ್ನ ಸದ್ದು ಶುರುವಾದ ಕೂಡಲೇ ಅವಳು ಬರೀ ನಾಲ್ಕು ಗೆರೆಗಳೊಳಗೆ ನಿಂತ ಹೆಂಗಸಾಗಿಬಿಟ್ಟಳು.

ಮೌನಿ ತಲೆ ಕೆರೆದುಕೊಂಡರು. "ಚೆನ್ನಾಗಿದೆ ಮೇಡಂ. ಒಳ್ಳೆ ಕಂಪೆನಿ ಫ್ರಿಜ್ಜು."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೂರರಿಂದ ಆರರವರೆಗೆ ಅಂಗಡಿಯಲ್ಲಿ ಕೂತು ಏನೆಲ್ಲ ಮಾಡಿದೆ. ಅತ್ತೆಗೆ ಇನ್ನೊಂದು ನಿಧಾನದ ಅತ್ತೆಯನ್ನು ಜೋಡಿಸಿ, ಅಲೆಯ ವೇಗವೇ ಏರಿಳಿಯುವಂತೆ ಮಾಡಿದೆ. ಅದಕ್ಕೆ ಅಕ್ಕ ಅಜ್ಜತ್ತೆ ಎಂದು ಹೆಸರಿಟ್ಟಳು. ಆಮೇಲೆ ಸೊಸೆಯ ಕೂಗನ್ನೇ ತಿರುಗಿಸಿ ಅತ್ತೆಯ ಕಿಂಡಿಗೆ ಚುಚ್ಚಿದೆ. ಆಳುವವಳನ್ನು ಆಳಿಸಿಕೊಳ್ಳುವವಳೇ ಅಲುಗಿಸತೊಡಗಿ ಕೋಣೆಯೆಲ್ಲ ಕಿರುಚಾಟವಾಯಿತು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!" ಎಂದು ಅಕ್ಕ ಹೊರಗಿನ ಕೋಣೆಯಿಂದ ಕೂಗಿದಳು.

ಕಿರುಚುವ ಫ್ರಿಜ್ಜು, ಅಷ್ಟೇ. ಯಂತ್ರ ಏನು ಮಾಡಿದರೂ ತನ್ನದೇ ಲೆಕ್ಕದಲ್ಲಿ ನಡೆಯುತ್ತದೆ. ಬದುಕಿರುವುದು ಹಾಗೆ ನಡೆಯುವುದಿಲ್ಲ. ಮೈದುನನೂ ಪ್ರಯೋಜನಕ್ಕೆ ಬರಲಿಲ್ಲ: ಅವನು ಬರೀ ಪುಂಡ, ಪುಂಡಾಟಕ್ಕೆ ಉಸಿರಿರುವುದಿಲ್ಲ.

ಜೋಡಣೆ: ಅಜ್ಜತ್ತೆಯಿಂದ ಅತ್ತೆಗೆ ಕೆಂಪು, ಅತ್ತೆಯಿಂದ ಸೊಸೆಗೆ ಹಳದಿ. ಗುಂಡಿ ೩: ಎರಡು ಗಂಟೆ. ಗುಂಡಿ ೫: ಹನ್ನೊಂದು. ಗುಂಡಿ ೬ ಸಡಿಲವಾಗಿದೆ, ಇಟ್ಟಲ್ಲಿ ನಿಲ್ಲುವುದಿಲ್ಲ. ಅಕ್ಕನಿಗೆ ಹೇಳಬೇಕು.

ಮಾರ್ಚ್ ೬, ಗುರುವಾರ

ಬೆಳಗ್ಗೆ ನಾನು ಕರಡು ತಿದ್ದುವ ಮುದ್ರಣಾಲಯದ ಯಜಮಾನರು ನಾನು ತಿದ್ದಿದ ಹಾಳೆ ಹಿಡಿದು ಬಂದರು. "ಮೇಡಂ, ಇದು ಒತ್ತೋ ಸೊನ್ನೆಯೋ? ಇಪ್ಪತ್ತು ವರ್ಷದಲ್ಲಿ ನಿಮ್ಮ ಗುರುತು ನನಗೆ ಅರ್ಥ ಆಗದೇ ಇದ್ದದ್ದು ಇದೇ ಮೊದಲು." ಪೆನ್ನು ತೋರಿಸಿದೆ. ಬೇರೆ ಪೆನ್ನು ಕೊಟ್ಟರು. ಅದೂ ಹಾಗೇ ಇದೆ. ಈಗೆಲ್ಲ ಇಂಥವೇ ಬರುತ್ತವೆ.

ಅಕ್ಕ ಹೊಸದೊಂದು ಕಟ್ಟುತ್ತಿದ್ದಾಳೆ: ಬೆರಳಗಲದ ತಾಮ್ರದ ಪಟ್ಟಿ. ಬೆರಳಿಟ್ಟು ಒತ್ತಿದರೆ, ಒತ್ತಿದಷ್ಟು ಸೊಸೆಯ ದನಿ ಏರಬೇಕು. ಬೆಸುಗೆ ಹಾಕುವಾಗ ಕಾದ ಮೊನೆ ಎರಡು ಸಲ ಪಕ್ಕದ ತಂತಿಗೆ ತಾಗಿತು. "ಕನ್ನಡಕ ಬದಲಾಯಿಸ್ಬೇಕು ಕಣೇ," ಅಂದಳು. ನಾನು "ಹೂಂ" ಅಂದೆ.

ಅವಳು ಮೇಲೆ ಮನೆಗೆ ಹೋದ ಮೇಲೆ ಆ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಮೂರು ಕಡೆ ಸೀಸ ಹರಡಿತ್ತು. ಕರಗಿಸಿ ಮತ್ತೆ ಹಾಕಿದೆ. ತಪ್ಪು ಕಂಡರೆ ಬಿಡುವ ಸ್ವಭಾವ ನನ್ನದಲ್ಲ. ಅದರಲ್ಲೂ ಸದ್ದಿಲ್ಲದೆ ತಿದ್ದುವುದು ನನ್ನ ಹೊಟ್ಟೆಪಾಡು. ಓದುವವರಿಗೆ ಕರಡು ತಿದ್ದಿದವಳು ಕಾಣಬಾರದು.

ಅಮ್ಮನಿಗೂ ಹೀಗೆಯೇ ಶುರುವಾಗಿತ್ತು. ಮೊದಲು ಸೂಜಿಗೆ ದಾರ ಪೋಣಿಸುವುದು ನಿಂತಿತು. ಆಮೇಲೆ ನಾವೆಲ್ಲ ಅವಳ ಕೈಯಿಂದ ಒಂದೊಂದೇ ಕೆಲಸ ತೆಗೆದುಕೊಂಡೆವು. ಪ್ರೀತಿಯಿಂದಲೇ. ಕೊನೆಗೆ ಅವಳ ಕೈಯಲ್ಲಿ ಉಳಿದದ್ದು ನಡುಕ ಒಂದೇ.

ಜೋಡಣೆ: ನಿನ್ನೆಯದೇ. ಗುಂಡಿ ೩: ಎರಡು ಗಂಟೆ. ಗುಂಡಿ ೫: ಹನ್ನೊಂದು, ಹೆಚ್ಚುಕಡಿಮೆ.

ಮಾರ್ಚ್ ೯, ಭಾನುವಾರ

ಪಟ್ಟಿ ಸಿದ್ಧವಾಯಿತು. ನಾನು ಅದರ ತಂತಿಯನ್ನು ಕಿಸಬಾಯಿಗೆ ಚುಚ್ಚಿ, ನನ್ನ ಬೆರಳಿನ ನಿಧಾನದ ಒತ್ತೊಂದನ್ನು ಅವನಿಗೆ ಕಲಿಸಬೇಕೆಂದು ಅವನ ಕಲಿಕೆಯ ಕೆಂಪು ದೀಪ ಹಚ್ಚಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಟ್ಟ ರೇಡಿಯೋ ತಂದರು, ಎದ್ದು ಹೋದೆ. ತಿರುಗಿ ಬಂದಾಗ ಅಕ್ಕ ಪಟ್ಟಿಯ ಮೇಲೆ ಬೆರಳಿಟ್ಟು ಮೀಟರ್ ನೋಡುತ್ತಿದ್ದಳು. ನನ್ನನ್ನು ಕಂಡು ಕೈ ತೆಗೆದಳು, ಬಿಸಿ ಮುಟ್ಟಿದವಳ ಹಾಗೆ.

"ಕೆಲ್ಸ ಮಾಡ್ತಿದೆ," ಅಂದಳು.

ಜೋಡಣೆ: ಇಲ್ಲ. ನಾಳೆ.

ಮಾರ್ಚ್ ೧೦, ಸೋಮವಾರ

ಬರೆಯಲು ಕೂತರೆ ಇನ್ನೂ ಮೈ ಜುಮ್ಮೆನ್ನುತ್ತಿದೆ.

ಮೂರೂವರೆಗೆ ಯಂತ್ರ ಚಾಲೂ ಮಾಡಿದೆ. ಅಕ್ಕ ಸಾಮಾನು ತರಲು ಹೋಗಿದ್ದಳು. ಕಿಸಬಾಯಿ ತಾನಾಗಿ ಮಾತಾಡತೊಡಗಿದ. ಅವನ ತಂತಿ ಸೊಸೆಯ ದನಿಗೆ ಚುಚ್ಚಿತ್ತು. ಸೊಸೆ ಹೆದರಿದಳು. ಬೇರೆ ಪದವಿಲ್ಲ. ಆರು ವರ್ಷದಲ್ಲಿ ಈ ಯಂತ್ರದಿಂದ ಎಷ್ಟೋ ಸದ್ದು ಕೇಳಿದ್ದೇನೆ, ಹೆದರಿಕೆ ಕೇಳಿರಲಿಲ್ಲ. ಗಂಟಲಲ್ಲಿ ಮಾತು ಕಟ್ಟಿಕೊಂಡವರು ಉಸಿರೆಳೆಯುವಂಥ ಒಂದು ಕಂಪನ. ಹನ್ನೊಂದು ಸೆಕೆಂಡು, ಮತ್ತೆ ಮೊದಲಿನಿಂದ, ಮತ್ತೆ ಹನ್ನೊಂದು ಸೆಕೆಂಡು. ಏಳನೇ ಸೆಕೆಂಡಿನಲ್ಲಿ ಒಂದು ತಡವರಿಕೆ, ನಡೆಯುವಾಗ ಎಡವಿ ಸಾವರಿಸಿಕೊಂಡ ಹಾಗೆ.

ಮೂರನೇ ಸಲ ಕೇಳಿದಾಗ ಗೊತ್ತಾಯಿತು ಇದು ಯಾರ ಬೆರಳೆಂದು.

ಅಳಿಸುವ ಗುಂಡಿ ಅಲ್ಲೇ ಇತ್ತು. ಐದು ಸೆಕೆಂಡು ಒತ್ತಿ ಹಿಡಿದರೆ ಮುಗಿಯುತ್ತಿತ್ತು.

ಅದರ ಬದಲು ಕಿಸಬಾಯಿಯ ವೇಗವನ್ನು ಅಜ್ಜತ್ತೆಯ ಕೈಗೆ ಒಪ್ಪಿಸಿದೆ. ಹನ್ನೊಂದು ಸೆಕೆಂಡು ಹಿಗ್ಗಿ ನಾಲ್ಕು ನಿಮಿಷವಾಯಿತು. ಆಗ ನಡುಕವೇ ಉಸಿರಾಯಿತು, ಯಾವುದೋ ದೊಡ್ಡ ಪ್ರಾಣಿ ನಿದ್ದೆಯಲ್ಲಿ ಎಳೆದು ಬಿಡುವ ಉಸಿರು. ನಾಟಕ ಸಾಗಿದಂತೆ ವೇಗ ಏರುತ್ತ ಹೋಗಿ ಕೊನೆಯ ಹತ್ತು ನಿಮಿಷದಲ್ಲಿ ಅದು ತನ್ನ ನಿಜ ರೂಪಕ್ಕೆ ಬರಬೇಕು: ಬೆರಳು, ನಡುಕ, ಎಡವು. ಐವತ್ತು ನಿಮಿಷವೂ ಕಣ್ಣೆದುರು ನಿಂತಿತು.

ಅಕ್ಕ ಬರುವ ಹೊತ್ತಿಗೆ ದನಿ ತಗ್ಗಿಸಿದ್ದೆ.

ಜೋಡಣೆ: ಪಟ್ಟಿಯ ತಂತಿ ತೆಗೆದಿದ್ದೇನೆ. ಅಜ್ಜತ್ತೆಯಿಂದ ಕಿಸಬಾಯಿಗೆ ಕೆಂಪು. ಕಿಸಬಾಯಿಯಿಂದ ಸೊಸೆಗೆ ಕಪ್ಪು. ಉಳಿದದ್ದು ನೆನಪಿದೆ.

ಮಾರ್ಚ್ ೧೨, ಬುಧವಾರ

ತಾಲೀಮು ಮುಗಿಯಿತು. ನಟಿ ಬಿಳಿ ಗೆರೆಗಳೊಳಗೇ ಕುಸಿದು ಕೂತಿದ್ದಳು. "ಲಿಫ್ಟಿಗೆ ನನಗಿಂತ ಜಾಸ್ತಿ ಭಯ ಅನ್ಸಿಬಿಡ್ತು," ಅಂದಳು. "ಅದನ್ನ ಸಮಾಧಾನ ಮಾಡ್ಬೇಕು ಅನ್ಸ್ತು."

"ಮೇಡಂ, ಇದು ಏನು? ಹೇಗೆ ಮಾಡಿದ್ರಿ?" ಮೌನಿ ಕೇಳಿದರು.

"ಒಂದು ಹೊಸ ವಿಧಾನ," ಅಂದೆ. "ಅಲೆಗಳನ್ನ ಒಂದರೊಳಗೊಂದು ಸೇರಿಸೋದು."

ಸುಳ್ಳೇನಲ್ಲ. ನಿಜವೂ ಅಲ್ಲ.

ಮಾರ್ಚ್ ೧೩, ಗುರುವಾರ

ಕಂಪು ಎಂದರೆ ಪರಿಮಳ. ಕಂಪಿಸು ಎಂದರೆ ನಡುಗು. ಒಂದು ನಮ್ಮದು, ಇನ್ನೊಂದು ಸಂಸ್ಕೃತದಿಂದ ಬಂದದ್ದು, ಬೇರು ಬೇರೆ ಬೇರೆ. ಆದರೂ ಬೆಳಗ್ಗೆಯೆಲ್ಲ ಒಂದನ್ನೊಂದು ಬಿಡದೆ ತಲೆಯಲ್ಲಿ ಸುತ್ತಿದವು. ಹೂವಿನಿಂದ ಪರಿಮಳ ತೆಗೆದುಕೊಳ್ಳುವಾಗ ಯಾರು ಕೇಳುತ್ತಾರೆ? ಹೀಗೆಲ್ಲ ಯೋಚಿಸುವುದು ನನ್ನ ಓದಿನ ಕೆಟ್ಟ ಫಲ. ಕದ್ದದ್ದಕ್ಕೂ ಒಂದು ಉಪಮೆ ಹುಡುಕಿಕೊಡುತ್ತದೆ.

ಮನೆಯ ಬೀಗಕ್ಕೆ ಎಣ್ಣೆ ಹಾಕಿಸಬೇಕು. ಕೀಲಿ ತೂತಿಗೆ ಸೇರಲು ಮೂರು ಸಲ ಬೇಕಾಯಿತು.

ಮಾರ್ಚ್ ೧೫, ಶನಿವಾರ

ಮೌನಿ ನನ್ನನ್ನು ಕೇಳದೆ ಅಕ್ಕನಿಗೆ ಫೋನ್ ಮಾಡಿದ್ದಾರೆ. ಸೋಮವಾರದ ತಾಲೀಮಿಗೆ ಬರಲೇಬೇಕಂತೆ, ಯಂತ್ರ ಕಟ್ಟಿದವರನ್ನು ಇಡೀ ತಂಡ ನೋಡಬೇಕಂತೆ.

"ಬರ್ಲಾ?" ಅಕ್ಕ ಕೇಳಿದಳು. ಮುಖದಲ್ಲಿ ಹುಡುಗಿಯ ಹಿಗ್ಗು.

"ಅಲ್ಲಿ ಧೂಳು ಜಾಸ್ತಿ. ಶೋ ದಿನಾನೇ ಬಂದ್ರೆ ಆಯ್ತಲ್ಲ."

"ಧೂಳಂತೆ! ಮೂವತ್ತು ವರ್ಷ ಹಳೇ ರೇಡಿಯೋ ಬಿಚ್ಚಿದವಳಿಗೆ ಧೂಳಿನ ಕಥೆ ಹೇಳ್ತಾಳೆ ನೋಡ್ರೀ," ಎಂದು ಭಾವನ ಕಡೆ ತಿರುಗಿದಳು. ಭಾವ ಅವಳ ಕೆಲಸದ ಅಂಗಿಯ ತೋಳಿನ ಗುಂಡಿ ಹಾಕುತ್ತಿದ್ದರು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ನಮ್ಮ ಮನೆಯಲ್ಲಿ ಎಲ್ಲರೂ ಅತ್ತೆಯರೇ: ಸದ್ದಿಲ್ಲ, ಅಲುಗಾಟ ಮಾತ್ರ.

ಎರಡು ದಿನದಲ್ಲಿ ಹೇಳಿಬಿಡಬೇಕು. ಅಥವಾ ಅಳಿಸಬೇಕು. ಅಳಿಸಿದರೆ ಮತ್ತೆ ಫ್ರಿಜ್ಜು.

ಮಾರ್ಚ್ ೧೭, ಸೋಮವಾರ

ಹೇಳಲಿಲ್ಲ. ಅಳಿಸಲೂ ಇಲ್ಲ.

ಅಕ್ಕ ಹಸಿರು ಸೀರೆ ಉಟ್ಟು ಬಂದಿದ್ದಳು. ಮೊದಲ ನಲವತ್ತು ನಿಮಿಷ ಕಣ್ಣು ಮುಚ್ಚಿ ಕೇಳಿದಳು, ಒಂದೆರಡು ಸಲ ತಲೆದೂಗಿದಳು. ಕೊನೆಯ ಹತ್ತು ನಿಮಿಷ ಶುರುವಾದಾಗ ಕಣ್ಣು ತೆರೆದಳು. ನಟಿಯನ್ನು ನೋಡಲಿಲ್ಲ. ಎದ್ದು ನನ್ನ ಪಕ್ಕಕ್ಕೆ ಬಂದು, ಕಿಸಬಾಯಿಯ ದೀಪ ಮಿಡಿಯುವುದನ್ನೇ ನೋಡುತ್ತ ನಿಂತಳು. ತುಟಿಯಲ್ಲಿ ಎಣಿಸುತ್ತಿದ್ದಳು. ಏಳಕ್ಕೆ ಎಡವು ಬಂತು. ಎಣಿಕೆ ನಿಂತಿತು.

"ಇದು ಯಾರ ಕೈ?"

ಮೌನಿ ಉತ್ಸಾಹದಿಂದ ಬಾಯಿ ತೆರೆದರು. "ಅದು ಮೇಡಂ ಕಂಡುಹಿಡಿದ ಹೊಸ..."

"ನಾನು ನಿಮ್ಮನ್ನ ಕೇಳ್ತಿಲ್ಲ."

"ನಿನ್ನದು," ಅಂದೆ.

"ಯಾವತ್ತಿಂದು?"

"ಒಂಬತ್ತನೇ ತಾರೀಖು. ಪಟ್ಟಿ ಪರೀಕ್ಷೆ ಮಾಡಿದ ದಿನ."

"ಹೌದು. ಅವತ್ತು ಎರಡೂವರೆ ಇತ್ತು." ನನಗೆ ಅರ್ಥವಾಗಲಿಲ್ಲ.

ಬಲಗೈ ಚಾಚಿ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಐದು ಸೆಕೆಂಡು ಬಿಡದೆ ಒತ್ತಿ ಹಿಡಿಯಬೇಕು. ಎರಡಕ್ಕೆ ಬೆರಳು ಜಾರಿತು. ಮತ್ತೆ ಇಟ್ಟಳು, ಮೂರಕ್ಕೆ ಜಾರಿತು. ಇಡೀ ತಂಡ ನೋಡುತ್ತಿತ್ತು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಅವಳಿಗೆ ಸಹಾಯ ಮಾಡಲು. ಅವಳು ನನ್ನನ್ನು ನೋಡಿದ ರೀತಿಗೆ ಕೈ ಅಲ್ಲೇ ನಿಂತಿತು. ಮೂರನೇ ಸಲ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಒತ್ತಿದಳು. ದೀಪ ಆರಿತು. ಸೊಸೆಯ ದನಿ ನೆಟ್ಟಗೆ, ಒಂದೇ ಮಟ್ಟದಲ್ಲಿ ನಿಂತಿತು.

"ಕೇಳಿದ್ರೆ ಕೊಡ್ತಿರ್ಲಿಲ್ಲ. ಅದು ಬೇರೆ ವಿಷಯ. ನೀನು ಕೇಳ್ಬೇಕಿತ್ತು."

ಬಾಗಿಲ ತನಕ ಹೋಗಿ ತಿರುಗಿದಳು.

"ಆ ಅರ್ಧ ಲೋಟ ಬೇರೆ. ಎರಡು ತಿಂಗಳಿಂದ ನನಗೆ ಚಹಾ ಸಾಲ್ತಿಲ್ಲ ಕಣೇ."

ಮಾರ್ಚ್ ೧೮, ಮಂಗಳವಾರ

ಅಂಗಡಿ ಬಾಗಿಲು ಹಾಕಿತ್ತು. ಮೂರು ಗಂಟೆಯಿಂದ ಮೆಟ್ಟಿಲ ಮೇಲೆ ಕೂತಿದ್ದೆ. ಐದಕ್ಕೆ ಎದ್ದು ಬಂದೆ.

ಮಾರ್ಚ್ ೧೯, ಬುಧವಾರ

ಮೌನಿ ಬೆಳಗ್ಗೆ ಫೋನ್ ಮಾಡಿದರು. ಎರಡೇ ವಾಕ್ಯ: "ಮೂರು ದಿನ ಇದೆ ಮೇಡಂ. ಫ್ರಿಜ್ಜಾದ್ರೂ ಪರವಾಗಿಲ್ಲ, ಅಕ್ಕನ್ನ ಬಲವಂತ ಮಾಡ್ಬೇಡಿ." ಅವರ ಮೇಲೆ ಮೊದಲ ಸಲ ಗೌರವ ಮೂಡಿತು.

ಮುದ್ರಣಾಲಯಕ್ಕೆ ಹೋಗದೆ ನೇರ ಅಕ್ಕನ ಮನೆ ಮೆಟ್ಟಿಲು ಹತ್ತಿದೆ. ಭಾವ ಬಾಗಿಲು ತೆಗೆದು, "ಬಾಮ್ಮ. ಎಕ್ಸ್‌ಚೇಂಜಲ್ಲಿ ಲೈನ್ ಕಟ್ಟಾಗಿದೆ. ನೀನೇ ಜೋಡಿಸ್ಕೋ," ಎಂದು ಪೇಪರ್ ಹಿಡಿದು ಒಳಕೋಣೆಗೆ ಹೋದರು.

ಅಕ್ಕ ಮೇಜಿನ ಮೇಲೆ ಒಂದು ಸಣ್ಣ ಪುಸ್ತಕ ತಳ್ಳಿದಳು. ಜನವರಿ ಹನ್ನೊಂದರಿಂದ ಪ್ರತಿದಿನದ ತಾರೀಖು, ಎದುರಿಗೆ ಒಂದು ಅಂಕಿ. ಅಲೆ ತೋರಿಸುವ ಪರದೆಗೆ ದಿನಾ ಬೆಳಗ್ಗೆ ಬೆರಳು ಜೋಡಿಸಿ, ಅಲೆ ಎಷ್ಟು ಚೌಕ ಎತ್ತರ ಬರುತ್ತದೆಂದು ಬರೆದಿಟ್ಟಿದ್ದಾಳೆ. ಮೊದಲ ದಿನ ಒಂದು. ಮಾರ್ಚ್ ಒಂಬತ್ತಕ್ಕೆ ಎರಡೂವರೆ. ನಾನು ಜೋಡಣೆ ಬರೆಯುವ ಹಾಗೆಯೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

"ಇಷ್ಟು ದಿನ ಡಾಕ್ಟ್ರ ಹತ್ರ ಯಾಕೆ ಹೋಗ್ಲಿಲ್ಲ?"

"ಅವರು ಅದಕ್ಕೊಂದು ಹೆಸರಿಡ್ತಾರೆ. ಹೆಸರಿಲ್ಲದಷ್ಟು ದಿನ ಅದು ಬರೀ ಅಳತೆ."

"ಅಮ್ಮನಿಗೆ ಮಾಡಿದ್ದನ್ನೇ ನಿನಗೂ ಮಾಡ್ತಿದ್ದೆ ನಾನು."

"ಮಾಡ್ತಿದ್ದೆ. ನನ್ನ ಬೆಸುಗೆ ನೀನು ತಿದ್ದಿದ್ದು ನನಗೆ ಕಾಣಲ್ಲ ಅಂದ್ಕೊಂಡ್ಯಾ? ನನ್ನ ಬೆಸುಗೆ ನನಗೆ ಗೊತ್ತಿಲ್ವಾ? ನಿನ್ನದು ಪೂರ್ಣವಿರಾಮದ ಥರ ಇರುತ್ತೆ, ಗುಂಡಗೆ."

ಇಬ್ಬರಿಗೂ ನಗು ಬಂತು, ಬರಬಾರದ ಹೊತ್ತಿನಲ್ಲಿ.

ನಿನ್ನೆ ಅಂಗಡಿ ಮುಚ್ಚಿ ಅವಳು ಹೋದದ್ದು ಡಾಕ್ಟರ ಹತ್ತಿರವೇ. ಅಮ್ಮ ಹೆದರಿದ್ದ ದೊಡ್ಡ ಕಾಯಿಲೆ ಅಲ್ಲವಂತೆ. ಮನೆತನದಲ್ಲಿ ಹರಿದು ಬರುವ ನಡುಕ, ಅಷ್ಟೇ. ಮಾತ್ರೆ ಕೊಟ್ಟಿದ್ದಾರೆ, ಇವತ್ತಿನಿಂದ ಶುರು.

"ಒಡಹುಟ್ಟಿದವರು ಇದ್ದಾರಾ ಅಂತ ಕೇಳಿದ್ರು," ಅಂದಳು. ನಾನು ಚಹಾ ಸೋಸುತ್ತಿದ್ದೆ. "ತಂಗಿ ಇದ್ದಾಳೆ ಅಂದೆ." ನನ್ನ ಕೈಯನ್ನೇ ನೋಡುತ್ತಿದ್ದಳು. ಅವರ ಮನೆಯ ಜರಡಿಯ ಹಿಡಿ ಸಡಿಲ, ಚಹಾ ಕಟ್ಟೆಯ ಮೇಲೆಲ್ಲ ಚೆಲ್ಲಿತು.

ಅವಳಿಗೆ ತುಂಬಿದ ಲೋಟ ಕೊಟ್ಟೆ. ಬಾಯಿಗೆ ಹೋಗುವಷ್ಟರಲ್ಲಿ ಒಂದಿಷ್ಟು ಸೀರೆಯ ಮೇಲೆ ಬಿತ್ತು. ಒರೆಸಲು ಏಳಲಿಲ್ಲ ನಾನು. ಕಷ್ಟವಾಯಿತು.

ಆಮೇಲೆ ಕೇಳಿದೆ. ಉಪಮೆ ಇಲ್ಲದೆ. "ಅಕ್ಕಾ, ನಾಟಕಕ್ಕೆ ನಿನ್ನ ಕೈಯ ನಡುಕ ಬೇಕು. ಕೊಡ್ತೀಯಾ?"

ಸೀರೆಯ ಮೇಲಿನ ಚಹಾವನ್ನು ತಾನೇ ಒರೆಸಿಕೊಂಡಳು.

"ಕಿಸಬಾಯಿಗೆ ಕೊಡಲ್ಲ. ನಾನೇ ಬಂದು ಪಟ್ಟಿ ಮುಂದೆ ಕೂತ್ಕೋತೀನಿ. ಮುಗಿದ್ಮೇಲೆ ನನ್ನ ಕೈ ನನ್ನ ಜೊತೆ ಮನೆಗೆ ಬರ್ಬೇಕು."

ಮಾರ್ಚ್ ೨೧, ಶುಕ್ರವಾರ

ಕೊನೆಯ ತಾಲೀಮು. ಪಟ್ಟಿಯಿಂದ ನೇರ ಸೊಸೆಗೆ ತಂತಿ, ಪಟ್ಟಿಯ ಮೇಲೆ ಅಕ್ಕನ ಬೆರಳು. ಅವಳು ನಿಧಾನಕ್ಕೆ ಒತ್ತಿ ಸಡಿಲಿಸಿದಂತೆ ಲಿಫ್ಟು ಉಸಿರಾಡಿತು, ಅಜ್ಜತ್ತೆಯ ಹಂಗಿಲ್ಲದೆ. ಕೊನೆಯ ಹತ್ತು ನಿಮಿಷ ಬಂತು. ಉಸಿರಾಟ ಹಾಗೆಯೇ ಮುಂದುವರಿಯಿತು. ಹೆದರಿಕೆ ಬರಲಿಲ್ಲ.

ಮಾತ್ರೆ ಕೆಲಸ ಮಾಡುತ್ತಿದೆ. ಬೆಳಗಿನ ಅಳತೆ ಅರ್ಧ ಚೌಕವಂತೆ.

ಮೌನಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದರು. ಹೊರಗೆ ಬಂದಾಗ ಅಕ್ಕ ನನ್ನ ತೋಳು ಹಿಡಿದಳು.

"ನಾಳೆ ಬೆಳಗ್ಗೆ ಮಾತ್ರೆ ಬಿಡ್ತೀನಿ. ಒಂದೇ ದಿನ. ಸಂಜೆ ಮುಗಿದ ಕೂಡ್ಲೇ ನುಂಗ್ತೀನಿ."

"ಡಾಕ್ಟ್ರು ನಡುವೆ ನಿಲ್ಲಿಸ್ಬೇಡಿ ಅಂದಿದ್ದಾರೆ."

"ಡಾಕ್ಟ್ರು ನಾಟಕ ನೋಡಿಲ್ಲ."

ಹೂಂ ಎನ್ನುವ ಆಸೆ ಬಾಯಿಯ ತುದಿಯವರೆಗೆ ಬಂದಿತ್ತು. ಈ ಪುಸ್ತಕದಲ್ಲಿ ಸುಳ್ಳು ಬರೆಯುವುದಿಲ್ಲ: ಒಂದು ಬೀದಿ ದೀಪದಿಂದ ಇನ್ನೊಂದು ದೀಪದ ಕಂಬದವರೆಗೆ ನಡೆಯುವಷ್ಟು ಹೊತ್ತು ನಾನು ಸುಮ್ಮನಿದ್ದೆ. ಅಷ್ಟು ಹೊತ್ತು ನನಗೆ ಅವಳಿಗಿಂತ ಅವಳ ನಡುಕ ಬೇಕಾಗಿತ್ತು.

"ಮಾತ್ರೆ ಕೈಲಿ ಹಿಡ್ಕೊಂಡೇ ಬಾ," ಅಂದೆ. "ನನ್ನೆದುರಿಗೆ ನುಂಗು. ಇಲ್ದಿದ್ರೆ ಪಟ್ಟಿ ಮುಟ್ಟಕ್ಕೆ ಬಿಡಲ್ಲ."

"ಅಮ್ಮನ ಥರ ಮಾತಾಡ್ತೀಯ."

"ಕೊನೆಯ ಹತ್ತು ನಿಮಿಷಕ್ಕೆ ಮೈದುನನನ್ನ ಜೋಡಿಸ್ತೀನಿ. ಆದಷ್ಟು ಆಗ್ಲಿ."

ಮಾರ್ಚ್ ೨೩, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ.

ನಾಲ್ಕು ಗಂಟೆಯ ಪ್ರದರ್ಶನ, ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಅಕ್ಕ ಬೆಳಗ್ಗೆಯೇ ನನ್ನೆದುರು ಮಾತ್ರೆ ನುಂಗಿ, ಮಕ್ಕಳ ಹಾಗೆ ನಾಲಿಗೆ ಚಾಚಿ ತೋರಿಸಿದ್ದಳು. ರಂಗದ ಪಕ್ಕದ ಕತ್ತಲಲ್ಲಿ ಇಬ್ಬರೂ ಯಂತ್ರದ ಮುಂದೆ ಕೂತೆವು. ನಲವತ್ತು ನಿಮಿಷ ಅವಳ ಬೆರಳು ನಿರಾಳವಾಗಿ ಒತ್ತಿತು, ಸಡಿಲಿಸಿತು. ಲಿಫ್ಟು ಮಲಗಿದ ಪ್ರಾಣಿಯಾಗಿತ್ತು. ನಟಿ ಅದನ್ನು ಬಡಿದಳು, ಬೈದಳು, ಕೊನೆಗೆ ಅದಕ್ಕೇ ತನ್ನ ಕಥೆ ಹೇಳತೊಡಗಿದಳು.

ಮೈದುನನನ್ನು ಜೋಡಿಸುವ ಹೊತ್ತು ಬಂತು. ಅವನ ತಂತಿಯ ಒಂದು ತುದಿ ಹಿಡಿದು ಸೊಸೆಯ ಕಿಂಡಿ ಹುಡುಕಿದೆ. ಸಿಗಲಿಲ್ಲ. ಕಿಂಡಿಯ ಸುತ್ತ ಕಟಕಟ ತಾಗುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ನಟಿ ಮಾತು ಮುಗಿಸಿ ಲಿಫ್ಟಿನ ಉತ್ತರಕ್ಕೆ ಕಾಯುತ್ತ ನಿಂತಿದ್ದಳು. ಒಂದು ಸೆಕೆಂಡು. ಎರಡು.

ಅಕ್ಕ ನನ್ನ ಕೈಯಿಂದ ಆ ತಂತಿ ತೆಗೆದು ಕೆಳಗೆ ಬಿಟ್ಟಳು. ಪಟ್ಟಿಯಿಂದ ತನ್ನ ಬೆರಳು ಎತ್ತಿ, ನನ್ನ ಮಣಿಕಟ್ಟು ಹಿಡಿದು, ನನ್ನ ಬೆರಳನ್ನು ಅಲ್ಲಿಟ್ಟಳು.

"ಒತ್ತಬೇಡ," ಎಂದು ಕಿವಿಯಲ್ಲಿ ಹೇಳಿದಳು. "ಸುಮ್ನೆ ಇಡು."

ಲಿಫ್ಟು ನಡುಗಿತು.

ಅಷ್ಟು ಜನ ಒಟ್ಟಿಗೆ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ನಾನು ಏನೂ ಮಾಡುತ್ತಿರಲಿಲ್ಲ, ಬೆರಳು ಇಟ್ಟಿದ್ದೆ, ಅಷ್ಟೇ. ನಟಿ ಗೋಡೆಯ ಜಾಗದಲ್ಲಿದ್ದ ಗಾಳಿಯನ್ನು ಸವರುತ್ತ, "ಹೆದರ್ಬೇಡ, ನಾನಿದೀನಿ," ಅಂದಳು. ಅದು ನಾಟಕದ ಮಾತಲ್ಲ, ಹಿಂದೆ ಯಾವತ್ತೂ ಹೇಳಿರಲಿಲ್ಲ. ಪಕ್ಕದಲ್ಲಿ ಅಕ್ಕನ ತುಟಿ ಎಣಿಸುತ್ತಿತ್ತು. ಒಂದು ಕಡೆ ದನಿ ಎಡವಿ ಸಾವರಿಸಿಕೊಂಡಿತು. ಅಕ್ಕನ ಎಣಿಕೆ ನಿಂತಿತು. ನನ್ನ ಮಣಿಕಟ್ಟು ಬಿಡಲಿಲ್ಲ.

ದೀಪ ಹತ್ತಿದ ಮೇಲೆ ಮೌನಿ ಬಂದು ನಮ್ಮೆದುರು ನಿಂತರು, ಕೈ ಮುಗಿದು ಹೊರಟುಹೋದರು.

"ಜನ ನೋಡಿ ಭಯ ಆಯ್ತು," ಅಂದೆ ಅಕ್ಕನಿಗೆ. "ಭಯಕ್ಕೆ ಕೈ ಹಾಗಾಗುತ್ತೆ."

"ಹೂಂ," ಅಂದಳು.

ಇವತ್ತು ಬೆಳಗ್ಗೆ ಅಂಗಡಿಗೆ ಹೋದೆ, ಯಂತ್ರವನ್ನು ಮತ್ತೆ ಗೋಡೆಗೆ ಕೂರಿಸಲು. ನಿನ್ನೆಯ ಜೋಡಣೆ ಬರೆದಿಟ್ಟುಕೊಳ್ಳಬೇಕಿತ್ತು ಎಂದು ಈಗ ಹೊಳೆಯುತ್ತಿದೆ. ತಂತಿಗಳನ್ನೆಲ್ಲ ಅಕ್ಕ ಆಗಲೇ ಬಿಚ್ಚಿ ಬಣ್ಣ ಬಣ್ಣ ಬೇರೆ ಮಾಡಿ ತೂಗುಹಾಕಿದ್ದಳು. ಹೋಗಲಿ.

"ಹೊಸ ಪುಸ್ತಕ ತಂದಿದ್ದೀನಿ," ಎಂದು ಒಂದು ಸಣ್ಣ ಪುಸ್ತಕ ನನ್ನ ಕಡೆ ಸರಿಸಿದಳು. ಅವಳ ಅಳತೆ ಪುಸ್ತಕದಂಥದ್ದೇ. ಖಾಲಿ. "ನಾಳೆ ಹನ್ನೊಂದಕ್ಕೆ ಡಾಕ್ಟ್ರ ಹತ್ರ ಹೋಗ್ಬೇಕು. ಬರ್ತೀಯಾ?"

"ನಿನ್ನ ಜೊತೆಗಾ? ಬರ್ತೀನಿ."

"ಹೂಂ. ನನ್ನ ಜೊತೆಗೇ."

ಚಹಾ ಇವತ್ತು ಅವಳೇ ಮಾಡಿದಳು. ತನ್ನ ಲೋಟ ಅಂಚಿನವರೆಗೆ ತುಂಬಿ ಒಂದು ಹನಿಯೂ ಚೆಲ್ಲದೆ ಮೇಜಿಗೆ ತಂದಿಟ್ಟಳು, ಆಟ ಗೆದ್ದವಳ ಮುಖದಲ್ಲಿ. ನನ್ನ ಲೋಟ ಕೈಗೆತ್ತಿಕೊಂಡು ಸುರಿಯುತ್ತ, ನಡುವೆ ನಿಲ್ಲಿಸಿದಳು. ಪಾತ್ರೆಯಲ್ಲಿ ಚಹಾ ಇನ್ನೂ ಬೇಕಾದಷ್ಟಿತ್ತು.

"ಅರ್ಧ ಕೊಡ್ಲಾ?" ಎಂದು ಕೇಳಿದಳು.

ಕೊಡು ಅಂದೆ.